ಕಟ್ಟಿದ ಕೈ

"ಗಲ್ಲ ಎತ್ತಿ ಹಿಡ್ಕೊ ಮಾರಾಯ, ತಲೆ ವಾಲ್ತಿದೆ" ಎಂದು ಅಯ್ಯನವರು ಗದರಿದರು. ಮಲ್ಲೇಶ್ ಅಪ್ಪನ ಗಲ್ಲಕ್ಕೆ ಅಂಗೈ ಕೊಟ್ಟ. ಗೋಡೆಗೊರಗಿಸಿ ಕೂರಿಸಿದ್ದ ಗಂಡನ ಹಣೆಗೆ ವೀರಮ್ಮ ವಿಭೂತಿ ಬಳಿಯುತ್ತಿದ್ದಳು. ನಿನ್ನೆ ಬೆಳಿಗ್ಗೆ ಶಿವಮೊಗ್ಗದ ಆಸ್ಪತ್ರೆಗೆ ಅಟೆಂಡರ್ ಡ್ಯೂಟಿಗೆಂದು ಬಸ್ಸು ಹತ್ತಿದ ಉಜ್ಜನಪ್ಪ, ಅದೇ ಆಸ್ಪತ್ರೆಯ ಆಂಬುಲೆನ್ಸಿನಲ್ಲಿ ಹೆಣವಾಗಿ ಭದ್ರಾವತಿಗೆ ಬಂದಿದ್ದ.

"ಇವ್ರನ್ನ ಆಸ್ಪತ್ರೆ ಗೇಟಿಗೆ ಒಯ್ತೀನಿ. ಟೆಂಪೊ ಬರ್ತಿದೆ" ಎಂದ ಮಲ್ಲೇಶ್.

"ಹೆಣ ಮುಂದಿಟ್ಕೊಂಡು ಇದೇನೋ ಮಾತು!" ಎಂದಳು ಪಕ್ಕದ ಮನೆ ಸುಭದ್ರಮ್ಮ.

"ಮತ್ತಿನ್ನೇನಕ್ಕಾ? ಡ್ಯೂಟೀಲೇ ಎದೆ ಹಿಡ್ಕೊಂಡು ಬಿದ್ರು. ಎದೆಗೆ ಶಾಕ್ ಕೊಡೋ ಮಶೀನು ಎಲ್ಲಿ ಅಂತ ಕಂಪ್ಯೂಟರಲ್ಲಿ ನೋಡಿದ್ರೆ ಮೇಲಿನ ಮಹಡಿ ಅಂತು. ಓಡಿಹೋದ್ರೆ ಅಲ್ಲಿದ್ದಿದ್ದು ಕಫ ಎಳೆಯೋ ಮಶೀನು. ಯಾವನೋ ಟ್ಯಾಗು ಅದಲುಬದಲು ಕಟ್ಟಿದ್ದ. ಅವನ ಹೆಸರು ಹೇಳಲಿ, ಆಮೇಲೆ ಮಣ್ಣು."

ಹುಡುಗನ ಕಣ್ಣು ಕೆಂಡವಾಗಿತ್ತು. ವೀರಮ್ಮನಿಗೆ ಅಳುವುದಕ್ಕೂ ಪುರುಸೊತ್ತಿಲ್ಲದಂತೆ ಹೆದರಿಕೆಯಾಯಿತು.

ಆಗಲೇ ಆಸ್ಪತ್ರೆಯ ಸ್ಟೋರ್ ಸೂಪರ್‌ವೈಸರ್ ಜನಾರ್ದನ ಹೂವಿನ ಹಾರ ಹಿಡಿದು ಬಂದರು. ಹಾರ ಹಾಕಿ, ಯಾರ ಮುಖವನ್ನೂ ನೋಡದೆ, "ಅಮ್ಮಾ, ಸ್ವಲ್ಪ ಹಿತ್ತಿಲ ಕಡೆ ಬರ್ತೀರಾ?" ಎಂದರು.

*

ರೇಡಿಯೋ ಟ್ಯಾಗು ಬಂದ ದಿನ ಉಜ್ಜನಪ್ಪ ಮದುಮಗನ ಹಾಗೆ ಬೀಗುತ್ತ ಮನೆಗೆ ಬಂದಿದ್ದ. ಒಂದು ಗಾಲಿಕುರ್ಚಿಗಾಗಿ ಮಹಡಿಯಿಂದ ಮಹಡಿಗೆ ಅಲೆದು ಮೊಣಕಾಲು ಸವೆಸಿಕೊಂಡ ಮನುಷ್ಯ ಅವನು. ಈಗ ಬೆಂಕಿಪೊಟ್ಟಣದಷ್ಟು ದೊಡ್ಡ ಟ್ಯಾಗು ಕಟ್ಟಿದರೆ ಸಾಕು, ಯಾವ ಸಾಮಾನು ಎಲ್ಲಿದೆಯೆಂದು ಕಂಪ್ಯೂಟರೇ ಹೇಳುತ್ತಿತ್ತು.

"ಮಶೀನಿಗೂ ಲಿಂಗಧಾರಣೆ ಆಯ್ತು ಕಣೇ!" ಎಂದು ನಕ್ಕಿದ್ದ.

ಸಾಮಾನು ತೊಳೆಯುವಾಗ ಪ್ಲಾಸ್ಟಿಕ್ ಪಟ್ಟಿ ತುಂಡಾಗಿ ಟ್ಯಾಗು ಬೀಳುತ್ತಿತ್ತು. ಬಿದ್ದದ್ದನ್ನು ಸ್ಟೋರಿಗೇ ಕೊಡಬೇಕು, ನೀವಾಗಿ ಕಟ್ಟಕೂಡದು ಎಂದು ಕಟ್ಟಪ್ಪಣೆ. ಉಜ್ಜನಪ್ಪ ಮಾತ್ರ ಮನೆಯಿಂದ ಲಿಂಗ ಕಟ್ಟುವ ಶಿವದಾರ ಜೇಬಿಗಿಟ್ಟುಕೊಂಡು ಹೋಗುತ್ತಿದ್ದ.

"ನಿಮಗ್ಯಾಕ್ರೀ ಇಲ್ಲದ ಉಸಾಬರಿ?" ಎಂದು ವೀರಮ್ಮ ಕೇಳಿದ್ದಳು.

"ಲಿಂಗ ಬಿಟ್ಟು ಒಂದು ಗಳಿಗೆ ಇರಬಾರದು ಕಣೇ. ಮಶೀನಾದ್ರೇನು?"

"ಹಂಗಾದ್ರೆ ನಾಳೆ ಅದಕ್ಕೂ ವಿಭೂತಿ ಹಚ್ಚಿ ಬನ್ನಿ" ಎಂದು ಅವಳು ಗೇಲಿ ಮಾಡಿದ್ದಳು. ತಾನೇ ಹೊಸೆದ ದಾರವನ್ನೂ ಕೊಟ್ಟಿದ್ದಳು.

*

ಹಿತ್ತಿಲಲ್ಲಿ ಜನಾರ್ದನ ಕರವಸ್ತ್ರ ಬಿಚ್ಚಿದರು. ಒಳಗೊಂದು ಟ್ಯಾಗು, ಅದಕ್ಕೆ ಬಿಳಿ ದಾರ. ಅದು ತಾನೇ ಹೊಸೆದ ದಾರ, ಗಂಡ ಹಾಕಿದ ಗಂಟು ಎಂದು ವೀರಮ್ಮ ಕಂಡದ್ದೇ ಗುರುತಿಸಿದಳು.

"ಆ ಎರಡು ಮಶೀನಿನ ಟ್ಯಾಗೂ ತೊಳೆಯೋ ರೂಮಲ್ಲಿ ಬಿದ್ದಿದ್ವು. ಯಾವುದು ಯಾವುದರದು ಅಂತ ನೋಡದೆ ಕಟ್ಟಿಬಿಟ್ಟಿದ್ದಾರೆ ನಮ್ಮ ಉಜ್ಜನಪ್ಪ. ಕಂಪ್ಲೇಂಟ್ ಆದ್ರೆ ಪೊಲೀಸ್ರಿಗೆ ಇದನ್ನ ತೋರಿಸ್ಲೇಬೇಕಾಗುತ್ತಮ್ಮಾ."

"ನನ್ನ ಮಗನಿಗೆ ಹೇಳಬೇಡಿ ಸ್ವಾಮಿ. ಕೈಮುಗೀತೀನಿ."

"ನಾನಾಗಿ ಹೇಳಲ್ಲ. ಅವ್ನು ಕೆದಕ್ತಾ ಹೋದ್ರೆ?"

ವೀರಮ್ಮ ಹಿತ್ತಿಲಿಂದ ಒಳಗೆ ಬಂದವಳೇ ಮಗನ ರಟ್ಟೆ ಹಿಡಿದಳು. "ಅಪ್ಪನ್ನ ಬೀದೀಲಿ ಕೂರಿಸ್ಬೇಡ ಮಲ್ಲೇಶಾ. ನನ್ನಾಣೆ."

ಅವನು ಹಲ್ಲು ಕಚ್ಚಿದ. "ಆಯ್ತು. ಇವತ್ತು ನಿನ್ ಮಾತು. ನಾಳೆ ಸ್ಟೇಷನ್ನಿಗೆ ಹೋಗೇ ಹೋಗ್ತೀನಿ. ಅವನ್ನ ಬಿಡಲ್ಲ."

ಗೆದ್ದೆನೆಂದು ಅವಳಿಗೆ ಅನಿಸಲಿಲ್ಲ. ನಾಳೆ ಎಂಬುದು ಇಷ್ಟು ಹತ್ತಿರವೆಂದು ಅವಳಿಗೆ ಎಂದೂ ತೋರಿರಲಿಲ್ಲ.

*

ರುದ್ರಭೂಮಿಯಲ್ಲಿ ಉಜ್ಜನಪ್ಪನನ್ನು ಕುಣಿಯೊಳಗೆ ಕೂರಿಸಿದರು. ಎಡ ಅಂಗೈಯಲ್ಲಿ ಇಷ್ಟಲಿಂಗ ಇಡಬೇಕಿತ್ತು. ಕೈ ಮರಗಟ್ಟಿ ಮುಷ್ಟಿಯಾಗಿತ್ತು.

"ಬೆರಳು ಬಿಡ್ತಿಲ್ಲ. ಮಲ್ಲೇಶಾ, ನೀನೇ ಇಳಿಯಪ್ಪ" ಎಂದರು ಕುಣಿಯೊಳಗಿದ್ದ ಅಯ್ಯನವರು.

ಮಲ್ಲೇಶ್ ಇಳಿಯಲಿಲ್ಲ. ಬಗ್ಗಿ ಒಂದು ಹಿಡಿ ಮಣ್ಣೆತ್ತಿಕೊಂಡ. "ಅಪ್ಪನ ಮಣ್ಣಿನ ಮೇಲಾಣೆ, ಎಲ್ಲಾರೂ ಕೇಳ್ಕೊಳ್ಳಿ. ಆ ಟ್ಯಾಗು ಕಟ್ಟಿದೋನ ಕೈ ಸೇದಿಹೋಗ್ಲಿ!"

"ಬೇಡ ಮಗಾ!" ಎಂದು ವೀರಮ್ಮ ಚೀರಿದಳು. ದುಃಖಕ್ಕೆ ಹೀಗಾಡುತ್ತಿದ್ದಾಳೆಂದು ಸುಭದ್ರಮ್ಮ ಅವಳನ್ನು ತಬ್ಬಿಕೊಂಡಳು. ಜನಾರ್ದನ ತಲೆ ತಗ್ಗಿಸಿದರು.

ಮಲ್ಲೇಶ್ ಮಣ್ಣು ಕೊಡವಿ ಕುಣಿಗಿಳಿದ. ಅಪ್ಪನ ಎದುರು ಮಂಡಿಯೂರಿ, ಸೆಟೆದ ಆ ಕೈಯನ್ನು ತನ್ನೆರಡೂ ಕೈಗಳ ನಡುವೆ ಇಟ್ಟುಕೊಂಡು ಉಜ್ಜತೊಡಗಿದ. ಬಾಯಿಂದ ಬಿಸಿಯುಸಿರು ಊದಿದ, ಮತ್ತೆ ಉಜ್ಜಿದ. ನೋವಾದೀತೆಂಬಂತೆ ಒಂದೊಂದೇ ಬೆರಳನ್ನು ಮೆಲ್ಲಗೆ ಬಿಡಿಸುತ್ತ, ಬಿಡಿಸಿದ ಬೆರಳನ್ನೆಲ್ಲ ಕಣ್ಣಿಗೊತ್ತಿಕೊಂಡ.