ಹೊರಗೆ ನಿಂತು ಕುಡಿದ ಚಹಾ

ಕೊಟ್ಟೂರಿನ ಸಂತೆಯಲ್ಲಿ ನಿಂತು ‘ಕೊಟ್ರಬಸಪ್ಪಾ’ ಎಂದು ಒಮ್ಮೆ ಕೂಗಿ ನೋಡಿ. ಗೌಡರೂ ತಿರುಗುತ್ತಾರೆ, ಹಮಾಲರೂ ತಿರುಗುತ್ತಾರೆ. ಆ ಸೀಮೆಯಲ್ಲಿ ದೇವರ ಹೆಸರಿಗೆ ಕೇರಿಯ ಗಡಿಯಿಲ್ಲ. ಹರಕೆ ಹೊತ್ತವರೆಲ್ಲ ಮಕ್ಕಳಿಗೆ ಅದನ್ನೇ ಇಡುತ್ತಾರೆ. ಪಕ್ಕದ ಹರಪನಹಳ್ಳಿಯ ಮಂಜಣ್ಣನವರಿಗೆ ಇದು ಗೊತ್ತಿರಲಿಲ್ಲವೆಂದಲ್ಲ. ಆದರೆ ಇಂಗ್ಲೆಂಡಿನ ಲೀಡ್ಸ್‌ನಲ್ಲಿ ವರ್ಷಗಟ್ಟಲೆ ಕಳೆದವರಿಗೆ ನಮ್ಮ ಕಡೆಯ ಒಂದು ಮುಖ ಕಂಡರೆ, ಪೂರ್ತಿ ವಿಚಾರಿಸುವ ತಾಳ್ಮೆ ಎಲ್ಲಿಂದ ಬರಬೇಕು?

“ಕೊಟ್ರಬಸಪ್ಪನೋರ ಮಗನಾ? ಹಂಗಾರೆ ನಮ್ಮ ಜನಾನೇ ಬಿಡು,” ಎಂದುಬಿಟ್ಟರು.

ಸರ್ಕಾರಿ ಸ್ಕಾಲರ್‌ಶಿಪ್ಪಿನಲ್ಲಿ ಎಂ.ಎಸ್ಸಿ. ಓದಲು ಆಗಷ್ಟೇ ಬಂದಿದ್ದ ಕ್ರಾಂತಿ ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ. ಸುಮ್ಮನೆ ನಕ್ಕ. ಹಾಸ್ಟೆಲಿನ ಬ್ರೆಡ್ಡು ತಿಂದು ನಾಲಿಗೆ ಸತ್ತಿತ್ತು. ಅವರ ಅಡುಗೆಮನೆಯಿಂದ ಜೋಳದ ರೊಟ್ಟಿಯ ವಾಸನೆ ಬರುತ್ತಿತ್ತು. ಆ ನಗುವೇ ಕೊರಳಿಗೆ ಸುತ್ತಿಕೊಂಡಿತು. ಭಾನುವಾರವೆಲ್ಲ ಅವರ ಮನೆಯಲ್ಲೇ ಊಟ. ಮಂಜಣ್ಣನವರ ಹೆಂಡತಿ ಈರಕ್ಕ, “ನಿಮ್ಮ ಮನೇಲೂ ಹಿಂಗೇ ಲಿಂಗಪೂಜೆ ಮಾಡ್ತಾರೇನಪ್ಪಾ?” ಎಂದು ಕೇಳಿದಾಗ ಹೂಂ ಎಂದ. ಊರಿನ ತಮ್ಮ ಮನೆಯ ಗೋಡೆಯ ಮೇಲಿದ್ದ ಬುದ್ಧ, ಬಾಬಾಸಾಹೇಬರ ಫೋಟೊಗಳು ನೆನಪಾದವು. ನಾಚಿಕೆಯಾಯಿತು. ಆದರೂ ಇನ್ನೊಂದು ರೊಟ್ಟಿ ಹಾಕಿಸಿಕೊಂಡ.

ಅಪ್ಪ ಕಚೇರಿಯೊಂದರಲ್ಲಿ ಜವಾನ. ಹರೆಯದಲ್ಲಿ ಕೊಟ್ಟೂರು ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ, ತಮ್ಮ ಕೇರಿಯವರಿಗೆಂದು ಹೊರಗೆ ಬೇರೆ ಇಟ್ಟಿದ್ದ ಲೋಟ ಮುಟ್ಟದೆ, ಒಳಗೆ ಹೋಗಿ ಬೆಂಚಿನ ಮೇಲೆ ಕೂತು ಚಹಾ ಕೇಳಿದವನು. ಯಾರೋ ಲೋಟ ಬೀಸಿ ಒಗೆದರು, ಎಡಹುಬ್ಬು ಸೀಳಿತು. ರಕ್ತ ಒರೆಸಿಕೊಂಡು ಚಹಾ ಕುಡಿದೇ ಎದ್ದ. ಮಗನಿಗೆ ಕ್ರಾಂತಿ ಎಂದು ಹೆಸರಿಟ್ಟದ್ದು ಚಂದ ಕೇಳಿಸುತ್ತದೆಂದಲ್ಲ.

2003ರ ಬೇಸಿಗೆಯಲ್ಲಿ ಮಂಜಣ್ಣ ದಂಪತಿ ಊರಿಗೆ ಹೊರಟರು. “ಕೊಟ್ಟೂರಿಗೂ ಹೋಗಿ ಬರ್ತೀವಪ್ಪಾ. ನಿಮ್ಮಪ್ಪಾರಿಗೆ ಒಂದು ಸ್ವೆಟರ್ ತಗಂಡೀವಿ. ಮನೆ ಎಲ್ಲೈತೆ?”

ಕ್ರಾಂತಿ ಮನೆಯ ಗುರುತು ಹೇಳಲಿಲ್ಲ. ಬಸ್‌ಸ್ಟ್ಯಾಂಡಿನ ಎದುರಿಗಿದ್ದ ಗೆಳೆಯ ಬಾಷಾನ ಗ್ಯಾರೇಜಿನ ಗುರುತು ಹೇಳಿದ. ರೂಮಿಗೆ ಬಂದವನೇ ಬಾಷಾನಿಗೆ ಫೋನು ಹಚ್ಚಿದ.

“ಅವರಿಗೆ ಮನಿ ತೋರಿಸಬ್ಯಾಡಲೇ. ಅಪ್ಪ ಇಟ್ಟಿಗಿ ಊರಿಗೆ ಹೋಗ್ಯಾನ ಅಂತ ಹೇಳು.”

“ಯಾಕ?”

“ನಮ್ಮನ್ನ ತಮ್ಮ ಜಾತಿಯೋರು ಅಂತ ತಿಳ್ಕಂಡಾರ.”

ಆ ಕಡೆ ಸ್ಪ್ಯಾನರು ನೆಲಕ್ಕೆ ಬಿದ್ದ ಸದ್ದು ಕೇಳಿಸಿತು. “ಇಟ್ಟಿಗಿ ತನಕ ಯಾಕಲೇ? ಸತ್ತಾನಂತ ಹೇಳಿಬಿಡ್ಲೇನು?”

“ಇದೊಂದು ಸಲ ಮಾಡಲೇ,” ಎಂದ ಕ್ರಾಂತಿ.

“ಹೇಳ್ತೀನಿ ಬಿಡು,” ಎಂದ ಬಾಷಾ. “ಗೆಳೆತನ ಮಾಡಿದ್ದಕ್ಕ ಇದನ್ನೂ ಮಾಡಬೇಕಲ್ಲ.”

ಮಗನ ಫೋನಿಗಾಗಿ ಅಪ್ಪ ಆ ಗ್ಯಾರೇಜಿಗೇ ಬರುತ್ತಿದ್ದ. ಮುಂದಿನ ಸಲ ಮಾತಿಗೆ ಸಿಕ್ಕಾಗ ತಾನೇ ಹೇಳಿದ: “ನಿಮ್ಮ ಮಂಜಣ್ಣೋರು ಬಂದಿದ್ರಂತಪಾ. ನಾ ಊರಾಗಿದ್ದಿಲ್ಲ, ಇಟ್ಟಿಗಿಗೆ ಹೋಗಿದ್ದೆ. ಸ್ವೆಟರ್ ಬಾಷಾನ ಕೈಯಾಗ ಕೊಟ್ಟು ಹೋಗ್ಯಾರ, ಚಲೋ ಐತಿ. ನೀ ಹೊಟ್ಟಿ ತುಂಬ ಉಣ್ಣು.”

ಬಾಷಾ ಜಾಣ, ಅಪ್ಪನನ್ನು ನಿಜಕ್ಕೂ ಇಟ್ಟಿಗಿಗೆ ಕಳಿಸಿದ್ದಾನೆ ಎಂದುಕೊಂಡು ಕ್ರಾಂತಿ ನಿರಾಳವಾದ. ಬದುಕಿದೆಯಾ ಬಡಜೀವ ಎಂದು ಆ ದಿನ ನೆಮ್ಮದಿಯಾಗಿ ಉಂಡ.

ಮಂಜಣ್ಣ ತಿರುಗಿ ಬಂದ ಭಾನುವಾರ ಈರಕ್ಕ ಹೋಳಿಗೆ ಮಾಡಿದ್ದಳು. ಊಟಕ್ಕೆ ಕೂತಾಗ ಮಂಜಣ್ಣ ಊರಿನ ಸುದ್ದಿ ತೆಗೆದರು.

“ನಿಮ್ಮಪ್ಪಾರು ಸಿಗಲಿಲ್ಲ ನೋಡು. ಗ್ಯಾರೇಜಿನ ಹುಡುಗ ಇಟ್ಟಿಗಿಗೆ ಹೋಗ್ಯಾರೆ ಅಂತಿದ್ದ, ಅಷ್ಟರಾಗೆ ಸೈಕಲ್ ತಳ್ಕಂಡು ಒಬ್ರು ಬಂದ್ರು. ಇಂಗ್ಲೆಂಡಿನಾಗೆ ಮಗನ್ನ ಓದಿಸ್ತಾರಲ್ಲ ಕೊಟ್ರಬಸಪ್ಪನೋರು, ಗೊತ್ತೇನ್ರಿ ಅಂತ ಕೇಳಿದೆ. ಆ ಮನುಷ್ಯ ಹುಡುಗನ ಮುಖಾನೇ ನೋಡಿದ್ರು. ಆಮೇಲೆ ‘ಗೊತ್ರಿ, ಭಾಳ ದೊಡ್ಡ ಮಂದಿ. ಊರಾಗಿಲ್ರಿ’ ಅಂದ್ರು.”

“ಆಮೇಲೆ?” ಎಂದ ಕ್ರಾಂತಿ.

“ಚಾ ಕುಡಿಯೋಣ ಬರ್ರಿ ಅಂತ ಬಸ್‌ಸ್ಟ್ಯಾಂಡಿನ ಹೋಟೆಲಿಗೆ ಕರೆದೆ. ಎಷ್ಟು ಅಂದ್ರೂ ಒಳಗೆ ಬರಲಿಲ್ಲ. ಬಾಗಿಲ ಹೊರಗೆ ನಿಂತೇ ಕುಡಿದ್ರು.”

“ಎಡಹುಬ್ಬಿನ ಮ್ಯಾಲೆ ಕಲೆ ಇತ್ತು, ಪಾಪ,” ಎಂದಳು ಈರಕ್ಕ, ತುಪ್ಪ ಬಡಿಸಲು ಬಗ್ಗುತ್ತ.

“ಈಗಿನ ಕಾಲದಾಗೆ ಅಂಥ ವಿನಯ ಎಲ್ಲೈತೆ?” ಎಂದರು ಮಂಜಣ್ಣ.

ಅಪ್ಪ ಒಳಗೆ ಕಾಲಿಟ್ಟಿದ್ದರೆ ಗಲ್ಲಾಪೆಟ್ಟಿಗೆಯ ಮುಂದೆ ಕೂತವನೋ ಸಪ್ಲೈಯರನೋ ‘ಬಾ ಕೊಟ್ರಬಸಪ್ಪಾ’ ಎಂದು ಬಾಯಿ ತುಂಬ ಕರೆಯುತ್ತಿದ್ದರು. ಮಗನ ಸುಳ್ಳು ಅಲ್ಲೇ ಬಯಲಾಗುತ್ತಿತ್ತು. ಅಪ್ಪ ಹೊರಗೆ ನಿಂತದ್ದು ಅದಕ್ಕೆ. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು ಕ್ರಾಂತಿಗೆ.

“ಅವರೇ ನಮ್ಮಪ್ಪ ರೀ,” ಎಂದ, ತಟ್ಟೆ ನೋಡುತ್ತಲೇ. “ಲಿಂಗಪೂಜಿ ಮಾಡೋ ಮನಿ ಅಲ್ಲ ನಮ್ಮದು. ದಲಿತರ ಕೇರಿ.”

ಈರಕ್ಕನ ಕೈಯ ಚಮಚ ತಟ್ಟೆಯ ಮೇಲೇ ನಿಂತಿತು. ಮಂಜಣ್ಣ ಹೆಂಡತಿಯ ಮುಖ ನೋಡಿದರು. ಇನ್ನೊಂದು ಹೋಳಿಗೆ ಬೀಳುತ್ತದೋ, ಎದ್ದು ಹೋಗೆನ್ನುತ್ತಾರೋ, ಅದು ಯಾವುದೂ ಈಗ ಅವನಿಗೆ ಬೇಕಿರಲಿಲ್ಲ.

“ಆ ಹೋಟೆಲಿನಾಗ ಒಳಗ ಕುಂತು ಚಾ ಕುಡಿಯಾಕ ಹುಬ್ಬು ಒಡಿಸ್ಕಂಡಾರ ನಮ್ಮಪ್ಪ,” ಎಂದ. “ಅವರನ್ನ ಮತ್ತ ಹೊರಗ ನಿಲ್ಲಿಸಿದಾಂವ ನಾನು.”