ದಾಸವಾಳದ ಬೇಲಿಗೆ ಬೆನ್ನು ಕೊಟ್ಟು

ಮುದ್ದೇನಹಳ್ಳಿ ಕಡೆಯ ಒಂದು ಖಾಸಗಿ ಶಾಲೆಯಲ್ಲಿ ತನುಜ ಆಫೀಸು ಕೆಲಸಕ್ಕಿದ್ದಳು. ಊಟದ ಬಿಡುವಿನಲ್ಲಿ ಅವಳು ಮೊಬೈಲಿಗೆ ಪುಟ್ಟ ಮ್ಯಾಕ್ರೋ ಲೆನ್ಸ್ ಸಿಕ್ಕಿಸಿಕೊಂಡು ಅಂಗಳದ ದಾಸವಾಳದ ಬೇಲಿ ಮುಂದೆ ಕುಕ್ಕರಗಾಲಲ್ಲಿ ಕೂರುತ್ತಿದ್ದಳು. ಎಲೆಗೆ ಎರಡು ಬೆರಳಿನಷ್ಟು ಹತ್ತಿರ ಫೋನ್ ಹಿಡಿದು, ಉಸಿರು ಬಿಗಿಹಿಡಿದು, ಗಾಳಿ ನಿಲ್ಲುವುದನ್ನೇ ಕಾಯಬೇಕು. ಆಗ ಎಳ್ಳಿನಷ್ಟು ಜೇಡವೊಂದು ಪರದೆ ತುಂಬ ಬಂದು ಎಂಟೂ ಕಣ್ಣು ಬಿಟ್ಟುಕೊಂಡು ಅವಳನ್ನೇ ನೋಡುತ್ತಿತ್ತು. ಆ ಕಣ್ಣುಗಳು ಹೇಗೆ ಸಾಲುಗಟ್ಟಿವೆ, ಯಾವ ಜೋಡಿ ದೊಡ್ಡದು ಎಂದು ನೋಡಿ ಜಾತಿ ಗುರುತಿಸುವುದನ್ನು ಎರಡು ವರ್ಷದಲ್ಲಿ ತಾನೇ ಕಲಿತಿದ್ದಳು.

ಆಗಸ್ಟಿನಲ್ಲಿ ಹಾಸ್ಟೆಲ್ ನೋಡಿಕೊಳ್ಳುವ ರೂಪ ಮೇಡಂ ಕತ್ತಿನ ಮೇಲೆ ಬರೆ ಎಳೆದ ಹಾಗೆ ಕೆಂಪಗೆ ಗುಳ್ಳೆಗಳೆದ್ದವು. ಮರುವಾರ ಹಾಸ್ಟೆಲಿನ ಇಬ್ಬರು ಹುಡುಗಿಯರಿಗೂ ಹಾಗೇ ಆಯಿತು. "ಜೇಡ ಉಚ್ಚೆ ಹೊಯ್ದದೆ" ಎಂದರು ಎಲ್ಲರೂ. ಬೇಲಿಗೆಲ್ಲ ವಿಷ ಹೊಡೆಸಿ ಎಂದು ಕಾರ್ಯದರ್ಶಿ ಮುರಳಿಮೋಹನ್ ಹೇಳಿಬಿಟ್ಟರು.

ತನುಜ ಅವರ ಕೋಣೆಗೆ ಹೋಗಿ ಕೇಳಿದಳು: "ಯಾವ ಜೇಡ ಅಂತ ನೋಡಿದೀರಾ ಸಾರ್?"

"ಜೇಡ ಅಂದ್ರೆ ಜೇಡ ಕಣಮ್ಮ. ನಿನ್ನ ಕೆಲಸ ಟಿ.ಸಿ. ಬರೆಯೋದು. ಅಷ್ಟು ಮಾಡು."

ಅವಳ ಕಿವಿ ಬಿಸಿಯಾಯಿತು. ಹತ್ತನೇ ಕ್ಲಾಸು ಮುಗಿಸಿ ಸೈನ್ಸ್ ತಗೋತೀನಿ ಅಂದಾಗ ಮೇಷ್ಟ್ರೊಬ್ಬರು, "ನಿಮ್ಮೋರಿಗೆ ಟೈಪಿಂಗ್ ಸಾಕು" ಎಂದಿದ್ದರು. ಆವತ್ತು ತಲೆ ತಗ್ಗಿಸಿ ಬಂದಿದ್ದಳು.

ಸಂಜೆ ಅವಳು ಹಾಸ್ಟೆಲಿಗೆ ಹೋದಳು. ರೂಪ ಮೇಡಂ ಮೇಜು ತೆರೆದ ಕಿಟಕಿಯ ಪಕ್ಕ, ಟ್ಯೂಬ್‌ಲೈಟಿನ ಕೆಳಗಿತ್ತು. ಕಿಟಕಿಯ ಕಟ್ಟೆ ಮೇಲೆ ಇರುವೆಯಂಥ, ಕಿತ್ತಳೆ ಕಪ್ಪು ಬಣ್ಣದ ಸಣ್ಣ ಹುಳಗಳು ಸತ್ತು ಬಿದ್ದಿದ್ದವು. ಲೆನ್ಸ್ ಇಟ್ಟು ನೋಡಿದಳು. ಕಾಲು ಆರೇ. ಇದು ದೀಪಕ್ಕೆ ಬರುವ ದುಂಬಿಯ ಜಾತಿ. ಮೈಮೇಲೆ ಕೂತಾಗ ಒರೆಸಿದರೆ ಇದರ ರಸ ಚರ್ಮ ಸುಡುತ್ತದೆ ಎಂದು ಅವಳು ಓದಿದ್ದಳು.

ಬೆಳಿಗ್ಗೆ ತೋಟದ ಕೋನಪ್ಪ ಬೆನ್ನಿಗೆ ಪಂಪ್ ಹೊತ್ತು ಬರುವ ಹೊತ್ತಿಗೆ ತನುಜ ಬೇಲಿಗೆ ಬೆನ್ನು ಕೊಟ್ಟು ನಿಂತಿದ್ದಳು.

"ಪಕ್ಕಕ್ಕೆ ಬಾಮ್ಮ, ಮೈಮೇಲೆ ಬೀಳ್ತದೆ."

"ಬರಲ್ಲ ಕೋನಪ್ಪಣ್ಣ. ನನ್ನ ಮೇಲೇ ಹೊಡಿ."

ಮುರಳಿಮೋಹನ್ ಬಂದರು. ಹಿಂದೆ ಅರ್ಧ ಶಾಲೆಯೇ ಬಂತು. ತನುಜ ಫೋನ್ ಮುಂದೆ ಹಿಡಿದಳು. "ಮೇಡಂ ಕಿಟಕೀಲಿ ಸಿಕ್ಕಿದ್ದು ಇದು. ರಾತ್ರಿ ದೀಪಕ್ಕೆ ಬರುತ್ತೆ, ಮೈಮೇಲೆ ಒರೆಸಿದ್ರೆ ಚರ್ಮ ಸುಡುತ್ತೆ. ಜೇಡಕ್ಕೆ ಎಂಟು ಕಾಲು. ಇದರದ್ದು ಎಣಿಸಿ ಸಾರ್."

"ಎಲ್ಲರ ಮುಂದೆ ನನಗೇ ಪಾಠ ಹೇಳ್ತೀಯಾ?"

"ಹೇಳ್ತೀನಿ. ಸ್ಕೂಲಲ್ವಾ ಇದು?"

ಎಲೆ ಮೇಲಿದ್ದ ಜಿಗಿಯುವ ಜೇಡವೊಂದನ್ನು ಅಂಗೈಗೆ ಹತ್ತಿಸಿಕೊಂಡು ಕತ್ತಿನ ಮೇಲೆ ಬಿಟ್ಟುಕೊಂಡಳು. ಹೆದರಿದ್ದಳು, ಆದರೆ ಜೇಡಕ್ಕಲ್ಲ. "ನಾಳೆ ನಂಗೆ ಗುಳ್ಳೆ ಬಂದ್ರೆ ಪಂಪ್ ನಾನೇ ಹಿಡೀತೀನಿ."

ಕೋನಪ್ಪ ನಿಧಾನಕ್ಕೆ ಪಂಪ್ ಕೆಳಗಿಳಿಸಿದ. "ಮೊದ್ಲು ಕಿಟಕಿಗೆ ಜಾಲರಿ ಹಾಕ್ಸಿ ಸಾರ್. ಆಮೇಲೆ ನೋಡಣ."

ರೂಪ ಮೇಡಂ ಕತ್ತು ಮುಟ್ಟಿಕೊಳ್ಳುತ್ತ, "ಆ ಹುಳ ನಾನೇ ಒರೆಸಿ ಹಾಕಿದ್ದೆ ಅನ್ಸುತ್ತೆ" ಎಂದರು.

ಮರುದಿನ ತನುಜಳ ಕತ್ತಿನ ಮೇಲೆ ಒಂದು ಗುಳ್ಳೆಯೂ ಇರಲಿಲ್ಲ. ಕಿಟಕಿಗೆ ಜಾಲರಿ ಬಂತು. ಮತ್ತೆ ಯಾರಿಗೂ ಗುಳ್ಳೆ ಏಳಲಿಲ್ಲ. ಆದರೆ ತನುಜಳಿಗೆ ಅಶಿಸ್ತಿನ ನೋಟಿಸು ಬಂತು, ಕ್ಷಮಾಪಣೆ ಬರೆದುಕೊಡಬೇಕು ಅಂತ. ಅವಳು ಎರಡು ಪುಟ ಬರೆದುಕೊಟ್ಟಳು: ಬೇಲಿಯಲ್ಲಿರುವ ಒಂದೊಂದು ಜೇಡದ ಹೆಸರು, ಅದು ತಿನ್ನುವ ಹುಳ.

ಮುರಳಿಮೋಹನ್ ಹಾಳೆ ತಿರುವಿ ಹಾಕಿದರು. "ಕ್ಷಮೆ ಎಲ್ಲಿ?"

"ಅದನ್ನ ಬರೆದಿಲ್ಲ ಸಾರ್."

ಮಾರನೆಯ ದಿನ ಅವಳ ಮೇಜನ್ನು ಸ್ಟೋರ್ ರೂಮಿಗೆ ಹಾಕಿಸಿದರು. ಮೇಜು ಕೋನಪ್ಪ ಹೊತ್ತ. ಕುರ್ಚಿಯನ್ನು ತನುಜ ಯಾರಿಗೂ ಕೊಡಲಿಲ್ಲ. ಪ್ರಾರ್ಥನೆಗೆ ನಿಂತ ಮಕ್ಕಳ ಸಾಲಿನ ಮುಂದೆ, ತಲೆ ಎತ್ತಿಕೊಂಡು, ತಾನೇ ಹೊತ್ತುಕೊಂಡು ಹೋದಳು.