ತನಿ ಆವರ್ತನದ ಕಾಫಿ

ಜಯನಗರ ನಾಲ್ಕನೇ ಬ್ಲಾಕಿನ ಸಂಗೀತ ಕೂಟಕ್ಕಿದ್ದದ್ದು ಒಂದೇ ನಿಯಮ: ತಿಂಗಳಿಗೊಮ್ಮೆ ಯಾರ ಮನೆಯಲ್ಲಿ ಸೇರುತ್ತಾರೋ ಅವರೇ ಕ್ಯಾಸೆಟ್ ಹಾಕಬೇಕು, ಅವರೇ ಕಾಫಿ ಕೊಡಬೇಕು. ಎಂಬತ್ತೆಂಟರ ಬೇಸಿಗೆಯಲ್ಲಿ ಸರದಿ ಬ್ಯಾಂಕ್ ಗುಮಾಸ್ತ ಜಯಸಿಂಹನದಾಯಿತು. ಕೀರ್ತನೆ ಬಿಟ್ಟರೆ ಮಿಕ್ಕಿದ್ದೆಲ್ಲ ಗಲಾಟೆ ಎಂದು ನಂಬಿದ್ದ ಆ ಮಹನೀಯರಿಗೆ ಅವನು ಡ್ರಮ್ಮಿನ ತಾಳಕ್ಕೆ ಪಟಪಟನೆ ಮಾತು ಸುರಿಸುವ ಅಮೆರಿಕದ ಹಿಪ್‌ಹಾಪ್ ಕೇಳಿಸಲು ಹೊರಟ. ಊರಿಗೊಂದು ದಾರಿಯಾದರೆ ಪೋರನಿಗೊಂದು ದಾರಿ.

ಹಡಗಿನಲ್ಲಿ ಕೆಲಸಕ್ಕಿದ್ದ ಗೆಳೆಯ ತಂದುಕೊಟ್ಟ ಮೂರು ಆಲ್ಬಂ ಅವನ ಬಳಿ ಇದ್ದವು. ಎರಡು ವರ್ಷದಿಂದ ಒಬ್ಬನೇ ಕೇಳಿ ಕೇಳಿ ಅವನಿಗೆ ಸಾಕಾಗಿತ್ತು. ಪಕ್ಕದಲ್ಲಿ ಕೂತು ತಲೆದೂಗಲು ಇನ್ನೊಂದು ಜೀವ ಬೇಕಿತ್ತು, ಅಷ್ಟೇ.

“ಆ ಮನೆ ಓನರ್‌ಗೆ ಬೈತಾನಲ್ಲ, ಅದನ್ನ ಹಾಕಿ. ಚೆನ್ನಾಗಿದೆ,” ಎಂದಳು ಹೆಂಡತಿ ವಿಮಲಾ, ಡಿಕಾಕ್ಷನ್ ಇಳಿಸುತ್ತ. ಅಡುಗೆಮನೆಯಿಂದ ಬಂದ ಅಭಿಪ್ರಾಯವನ್ನು ಜಯಸಿಂಹ ಲೆಕ್ಕಕ್ಕೆ ಹಿಡಿಯಲಿಲ್ಲ. ಸಾಲದ್ದಕ್ಕೆ ಕೂಟದ ಕಾರ್ಯದರ್ಶಿ ಅನಂತಪದ್ಮನಾಭರಾಯರೇ ಅವನ ಮನೆ ಓನರ್ ಆಗಿದ್ದರು. ಇನ್ನೊಂದು ಆಲ್ಬಂ ತುಂಬ ಕೆಟ್ಟ ಮಾತು. ಕೊನೆಗೆ, ಮಾತು ಕಡಿಮೆ ಇದ್ದು ಬರೀ ತಾಳವೇ ತುಂಬಿದ್ದ ಮೂರನೆಯದನ್ನು ಆರಿಸಿದ. ತಾಳಕ್ಕೆ ಯಾರು ತಕರಾರು ತೆಗೆಯುತ್ತಾರೆ?

ಭಾನುವಾರ ಎಲ್ಲರೂ ಚಾಪೆಯ ಮೇಲೆ ಕೂತರು. ಡ್ರಮ್ಮು ಶುರುವಾಯಿತು.

“ಓ, ತನಿ ಬಂತು,” ಎಂದು ರಾಯರು ಪಂಚೆ ಕೊಡವಿಕೊಂಡು ಎದ್ದರು. ಹಿಂದೆಯೇ ಕೂಟವೆಲ್ಲ ಎದ್ದಿತು. ಕಚೇರಿಯಲ್ಲಿ ಗಾಯಕರು ಸುಮ್ಮನಾಗಿ ಮೃದಂಗವೊಂದೇ ಉಳಿದರೆ ಕ್ಯಾಂಟೀನಿಗೆ ನಡೆಯುವುದು ಇವರೆಲ್ಲ ಜೀವಮಾನವಿಡೀ ಸಾಧಿಸಿಕೊಂಡ ರಸಿಕತೆ. ವರಾಂಡದಲ್ಲಿ ಕಾಫಿ ಹೀರುತ್ತ ಹೊಗಳಿದರು, ಕಾಫಿಯನ್ನು. ಒಳಗೆ ಜಯಸಿಂಹ ಟೇಪ್ ರೆಕಾರ್ಡರಿನ ಮುಂದೆ ಒಬ್ಬನೇ ಕೂತಿದ್ದ. ಅಳು ಬರುವಂತಾಗಿತ್ತು.

“ತನಿ ಮುಗೀತೇನಪ್ಪಾ? ಹಾಡೋರು ಬಂದ್ರಾ?” ಎಂದು ಸೇತುರಾಮ ಇಣುಕಿದರು. ಇವರೂ ರಾಯರ ಬಾಡಿಗೆದಾರರೇ, ಹಿತ್ತಿಲ ಮನೆಯವರು.

ಲೋಟ ಎತ್ತಲು ಬಂದ ವಿಮಲಾ ಯಾರನ್ನೂ ಕೇಳದೆ ಕ್ಯಾಸೆಟ್ ಬದಲಾಯಿಸಿದಳು. ಒಂದೇ ಉಸಿರಿನಲ್ಲಿ ಬೈಗುಳದ ಸುರಿಮಳೆ ಶುರುವಾಯಿತು. ಒಬ್ಬೊಬ್ಬರೇ ಒಳಬಂದು ಕೂತರು. ಜಗಳ ನಡೆಯುತ್ತಿರುವಾಗ ಎದ್ದು ಹೋಗುವವರು ಜಯನಗರದಲ್ಲಿ ಹುಟ್ಟಿಲ್ಲ.

“ಯಾರಿಗಮ್ಮಾ ಬೈತಿರೋದು?” ಎಂದು ಸೇತುರಾಮ ವಿಮಲಾಳನ್ನು ಕೇಳಿದರು.

“ಮನೆ ಓನರ್‌ಗೆ, ಅಂಕಲ್. ಮನೆ ರಿಪೇರಿ ಮಾಡಿಸಲ್ವಂತೆ.”

ಸೇತುರಾಮರ ಕೈ ತಾನಾಗಿ ತೊಡೆಯ ಮೇಲೆ ತಾಳ ಹಾಕತೊಡಗಿತು. “ಭಲೇ. ಇನ್ನೊಂದ್ಸಲ ಹಾಕಿ.”

ರಾಯರು ಖಾಲಿ ಲೋಟವನ್ನೇ ನೋಡುತ್ತ ಕೂತರು.

ಎರಡನೇ ಸಲ ಹಾಕಿದಾಗ, ಬಾಗಿಲಿಗೊರಗಿ ನಿಂತ ವಿಮಲಾಳ ತುಟಿ ಟೇಪಿನವನಿಗಿಂತ ಅರ್ಧ ಹೆಜ್ಜೆ ಮುಂದೆಯೇ ಆಡುತ್ತಿತ್ತು. ಜಯಸಿಂಹ ಬೆರಗಾಗಿ ಅವಳ ಬಳಿ ಹೋದ.

“ನಿಂಗೆ ಪೂರ್ತಿ ಬರುತ್ತಾ?”

“ಎರಡು ವರ್ಷದಿಂದ ಕೇಳಿಸ್ತಾನೇ ಇದೆಯಲ್ರೀ,” ಎಂದಳು ವಿಮಲಾ. “ಒಂದಿನ ಆದ್ರೂ ಬಾ, ಕೂತ್ಕೋ ಅಂದ್ರಾ?”